ಜೇಮ್ಸ್ ಬಾಂಡ್ ಚಲನಚಿತ್ರ ಸರಣಿ: ಸಂಪ್ರದಾಯ ಮತ್ತು ಹೊಸತನ

ಬ್ರಿಟಿಷ್ ಲೇಖಕ ಇಯಾನ್ ಫ್ಲೆಮಿಂಗ್ (1908-1964) ಸೃಷ್ಟಿಸಿದ 007 ಸಂಖ್ಯೆಯ ಗೂಢಚಾರ ಜೇಮ್ಸ್ ಬಾಂಡ್‌ನನ್ನು ನಾಯಕನನ್ನಾಗಿ ಇಟ್ಟುಕೊಂಡು ಲಂಡನ್ನಿನ ಈಯಾನ್ ಪ್ರೊಡಕ್ಷನ್ಸ್ ಸಂಸ್ಥೆ ನಿರ್ಮಿಸುತ್ತ ಬಂದಿರುವ ಚಿತ್ರಗಳ ಮಾಲೆ. 1962ರ 'ಡಾ. ನೋ' ಮೊದಲನೆಯದು, 2021ರ 'ನೋ ಟೈಮ್ ಟು ಡೈ' 25ನೆಯದು. ಈ ಅವಧಿಯಲ್ಲಿ ಆರು ನಟರು ಬಾಂಡ್ ಪಾತ್ರ ವಹಿಸಿದ್ದಾರೆ: ಶಾನ್ ಕಾನರಿ (6 ಚಿತ್ರ), ಜಾರ್ಜ್ ಲೇಜನ್‌ಬಿ (1), ರೋಜರ್ ಮೂರ್ (7), ಟಿಮತಿ ಡಾಲ್ಟನ್ (2), ಪಿಯರ್ಸ್ ಬ್ರಾಸ್ನನ್ (4) ಮತ್ತು ಡೇನಿಯಲ್ ಕ್ರೇಗ್ (5). ಶೀತಲ ಸಮರದ ನಡುವೆ ಹುಟ್ಟಿದ ನಾಯಕ ಆ ಸಮರ ಮುಗಿದ ಮೇಲೂ ಉಳಿದದ್ದು ಹೇಗೆ ಎನ್ನುವುದು ಚಲನಚಿತ್ರ ಚರಿತ್ರೆಯಲ್ಲಿ ಮತ್ತೆ ಮತ್ತೆ ಚರ್ಚೆಯಾಗಿರುವ ವಿಷಯ. ಸರಣಿಯನ್ನು ಮೊದಲಿನಿಂದ ನೋಡುತ್ತ ಬಂದರೆ ಎರಡು ಸಂಗತಿ ಕಾಣುತ್ತವೆ. ಇಂದು ಸಂಪ್ರದಾಯವೆಂದು ಎಣಿಸುವ ಒಂದೊಂದು ಅಂಶವೂ ಯಾವುದೋ ಒಂದು ಚಿತ್ರದಲ್ಲಿ ಹೊಸ ಪ್ರಯೋಗವಾಗಿ ಬಂದದ್ದು. ಹೊಸ ಹುಟ್ಟು ಎಂದು ಪ್ರಚಾರ ಪಡೆದ ಚಿತ್ರಗಳಲ್ಲಿ ಹೆಚ್ಚಿನವು ಫ್ಲೆಮಿಂಗ್ ಅವರ ಹಳೆಯ ಪುಸ್ತಕಗಳತ್ತ ಹಿಂತಿರುಗಿದವು.

ಮೂಲ

ಎರಡನೆಯ ಮಹಾಯುದ್ಧದಲ್ಲಿ ಫ್ಲೆಮಿಂಗ್ ಬ್ರಿಟಿಷ್ ನೌಕಾಪಡೆಯ ಬೇಹುಗಾರಿಕೆ ವಿಭಾಗದಲ್ಲಿದ್ದರು. ಯುದ್ಧ ಮುಗಿದ ಮೇಲೆ ಪತ್ರಿಕೋದ್ಯಮ ಹಿಡಿದರು. ಚಳಿಗಾಲ ಬಂತೆಂದರೆ ಜಮೈಕಾದಲ್ಲಿದ್ದ 'ಗೋಲ್ಡನ್‌ಐ' ಎಂಬ ತಮ್ಮ ಮನೆಗೆ ಹೋಗಿ ಬರೆಯುತ್ತಿದ್ದರು. ಮೊದಲ ಕಾದಂಬರಿ 'ಕ್ಯಾಸಿನೊ ರೊಯಾಲ್' 1953ರಲ್ಲಿ ಪ್ರಕಟವಾಯಿತು. ಒಟ್ಟು 12 ಕಾದಂಬರಿಗಳು, ಎರಡು ಕಥಾಸಂಕಲನಗಳು ಬಂದವು. ನಾಯಕನ ಹೆಸರನ್ನು ಅವರು ವೆಸ್ಟ್ ಇಂಡೀಸಿನ ಹಕ್ಕಿಗಳ ಬಗ್ಗೆ ಪುಸ್ತಕ ಬರೆದಿದ್ದ ಅಮೆರಿಕದ ಪಕ್ಷಿಶಾಸ್ತ್ರಜ್ಞರೊಬ್ಬರಿಂದ ಎತ್ತಿಕೊಂಡರು.

1961ರಲ್ಲಿ ನಿರ್ಮಾಪಕರಾದ ಆಲ್ಬರ್ಟ್ ಬ್ರೊಕೊಲಿ ಮತ್ತು ಹ್ಯಾರಿ ಸಾಲ್ಟ್‌ಜ್‌ಮನ್ ಕೂಡಿ ಈಯಾನ್ ಸಂಸ್ಥೆ ಕಟ್ಟಿದರು; ಯುನೈಟೆಡ್ ಆರ್ಟಿಸ್ಟ್ಸ್ ಬಂಡವಾಳ ಕೊಟ್ಟಿತು. ಸುಮಾರು 10 ಲಕ್ಷ ಡಾಲರ್ ವೆಚ್ಚದಲ್ಲಿ ಟೆರೆನ್ಸ್ ಯಂಗ್ ನಿರ್ದೇಶಿಸಿದ 'ಡಾ. ನೋ' 1962ರ ಅಕ್ಟೋಬರ್ 5ರಂದು ಲಂಡನ್ನಿನಲ್ಲಿ ತೆರೆಕಂಡಿತು.

ಚೌಕಟ್ಟು ಕೂಡಿಬಂದ ಬಗೆ

ಬಾಂಡ್ ಚಿತ್ರದ ಚೌಕಟ್ಟು ಒಂದೇ ಸಲಕ್ಕೆ ಸಿದ್ಧವಾಗಲಿಲ್ಲ. ಪರದೆಯ ಮೇಲೆ ಬಿಳಿ ಚುಕ್ಕೆಗಳು ಸರಿದು, ಪಿಸ್ತೂಲಿನ ನಳಿಕೆಯೊಳಗಿಂದ ನಾಯಕ ನಡೆದು ಬಂದು, ಗಕ್ಕನೆ ತಿರುಗಿ ಗುಂಡು ಹಾರಿಸಿದಾಗ ರಕ್ತ ಇಳಿಯುವ ಆರಂಭದೃಶ್ಯವನ್ನು ಶೀರ್ಷಿಕೆ ವಿನ್ಯಾಸಕ ಮಾರಿಸ್ ಬೈಂಡರ್ 'ಡಾ. ನೋ'ಗಾಗಿ ರೂಪಿಸಿದರು. ಇದಕ್ಕಾಗಿ ಅವರು ನಿಜವಾದ ನಳಿಕೆಯೊಳಗಿಂದ ಸೂಜಿರಂಧ್ರದ ಕ್ಯಾಮೆರಾದಲ್ಲಿ ಚಿತ್ರ ತೆಗೆದರು. ಮೊದಲ ಮೂರು ಚಿತ್ರಗಳಲ್ಲಿ ಹಾಗೆ ನಡೆದು ಬಂದವರು ಕಾನರಿಯಲ್ಲ, ಸಾಹಸ ಕಲಾವಿದ ಬಾಬ್ ಸಿಮನ್ಸ್. ಅಗಲ ಪರದೆಗೆಂದು ತಯಾರಾದ 'ಥಂಡರ್‌ಬಾಲ್' (1965) ಚಿತ್ರಕ್ಕೆ ಅದನ್ನು ಮತ್ತೆ ಚಿತ್ರೀಕರಿಸಬೇಕಾಗಿ ಬಂದಾಗಲೇ ಕಾನರಿ ಆ ಜಾಗಕ್ಕೆ ಬಂದರು.

ಶೀರ್ಷಿಕೆಗೆ ಮೊದಲೇ ಬರುವ ಬಿಡಿ ಪ್ರಸಂಗ ಶುರುವಾದದ್ದು ಎರಡನೆಯ ಚಿತ್ರ 'ಫ್ರಮ್ ರಷ್ಯಾ ವಿತ್ ಲವ್'ನಲ್ಲಿ (1963). ಸಲಕರಣೆ ವಿಭಾಗದ ಮುಖ್ಯಸ್ಥನಾಗಿ ಡೆಸ್ಮಂಡ್ ಲೂವೆಲಿನ್ ಕಾಣಿಸಿಕೊಂಡದ್ದೂ ಅದರಲ್ಲೇ. ಮುಂದೆ 1999ರವರೆಗೆ ಅವರು 17 ಚಿತ್ರಗಳಲ್ಲಿ 'ಕ್ಯೂ' ಆದರು. ಗೈ ಹ್ಯಾಮಿಲ್ಟನ್ ನಿರ್ದೇಶನದ ಮೂರನೆಯ ಚಿತ್ರ 'ಗೋಲ್ಡ್‌ಫಿಂಗರ್' (1964) ಆಸ್ಟನ್ ಮಾರ್ಟಿನ್ ಡಿಬಿ5 ಕಾರನ್ನು ತಂದಿತು. ಅದರ ಆಸನ ಮೇಲಕ್ಕೆ ಚಿಮ್ಮುತ್ತದೆ, ನಂಬರ್ ಪ್ಲೇಟು ತಿರುಗುತ್ತದೆ. ಶರ್ಲಿ ಬ್ಯಾಸಿ ಹಾಡಿದ ಶೀರ್ಷಿಕೆಗೀತೆ, ಜನಪ್ರಿಯ ಗಾಯಕರೊಬ್ಬರಿಂದ ಪ್ರತಿ ಚಿತ್ರಕ್ಕೂ ಒಂದು ಹಾಡು ಹಾಡಿಸುವ ಪದ್ಧತಿಯನ್ನು ಗಟ್ಟಿಮಾಡಿತು. ಖಳನಾಯಕನ ಅಡಗುತಾಣವೆಂದರೆ ಭಾರೀ ಗಾತ್ರದ, ಲೋಹ ಹೊಳೆಯುವ ಸಭಾಂಗಣ ಎಂಬ ಕಲ್ಪನೆ ಕಲಾನಿರ್ದೇಶಕ ಕೆನ್ ಆಡಮ್ ಅವರದು. 'ಯು ಓನ್ಲಿ ಲಿವ್ ಟ್ವೈಸ್' (1967) ಚಿತ್ರಕ್ಕಾಗಿ ಅವರು ಪೈನ್‌ವುಡ್ ಸ್ಟುಡಿಯೊದಲ್ಲಿ ಕಟ್ಟಿಸಿದ ಜ್ವಾಲಾಮುಖಿಯ ಸೆಟ್ಟಿಗೆ ಹಿಡಿದ ಖರ್ಚು, ಐದು ವರ್ಷದ ಹಿಂದೆ ಇಡೀ 'ಡಾ. ನೋ' ಚಿತ್ರಕ್ಕೆ ಆದ ಖರ್ಚಿಗೆ ಸರಿಸಮವಾಗಿತ್ತು.

ಸರಣಿಯ ರಾಗದ ಮೂಲ ಇನ್ನೂ ಸ್ವಾರಸ್ಯದ್ದು. ಟ್ರಿನಿಡಾಡಿನ ಭಾರತೀಯ ಮೂಲದ ಕುಟುಂಬದ ಕಥೆ ಹೇಳುವ ವಿ. ಎಸ್. ನೈಪಾಲರ 'ಎ ಹೌಸ್ ಫಾರ್ ಮಿಸ್ಟರ್ ಬಿಸ್ವಾಸ್' ಕಾದಂಬರಿಯನ್ನು ಸಂಗೀತನಾಟಕ ಮಾಡುವ ಯೋಜನೆಗೆಂದು ಮಾಂಟಿ ನಾರ್ಮನ್ ಒಂದು ಹಾಡಿಗೆ ರಾಗ ಹಾಕಿದ್ದರು. ಯೋಜನೆ ಕೈಗೂಡದೆ ಪೆಟ್ಟಿಗೆಯಲ್ಲಿ ಉಳಿದಿದ್ದ ಆ ರಾಗವನ್ನೇ ಅವರು 'ಡಾ. ನೋ'ಗೆ ಒದಗಿಸಿದರು. ಜಾನ್ ಬ್ಯಾರಿ ಅದಕ್ಕೆ ಹಿತ್ತಾಳೆ ವಾದ್ಯಗಳ ಅಬ್ಬರ ಕೂಡಿಸಿದರು, ವಿಕ್ ಫ್ಲಿಕ್ ಎಲೆಕ್ಟ್ರಿಕ್ ಗಿಟಾರ್ ನುಡಿಸಿದರು. ಬ್ರಿಟಿಷ್ ಗೂಢಚಾರನ ಗುರುತಾಗಿ ಲೋಕಕ್ಕೆಲ್ಲ ಕೇಳಿಸಿದ್ದು ಹೀಗೆ ಬೇರೊಂದು ಕಥೆಗೆ ಹುಟ್ಟಿದ ರಾಗ.

ನಟ ಬದಲಾದಾಗ

ನಾಯಕನಟ ಬದಲಾದಾಗ ಕಥೆಯೊಳಗೆ ಅದಕ್ಕೆ ಕಾರಣ ಕೊಡುವ ಗೋಜಿಗೆ ಸರಣಿ ಹೋಗಲಿಲ್ಲ. ಹೊಸಬನೂ ಅದೇ ಮೇಲಧಿಕಾರಿಯ ಮುಂದೆ ನಿಂತು ಅದೇ ಕಾರ್ಯದರ್ಶಿಯೊಂದಿಗೆ ಹರಟುತ್ತಾನೆ. 'ಎಂ' ಪಾತ್ರದ ಬರ್ನಾರ್ಡ್ ಲೀ 11 ಚಿತ್ರಗಳಲ್ಲಿ, ಮನಿಪೆನಿಯಾಗಿ ಲೂಯಿಸ್ ಮ್ಯಾಕ್ಸ್‌ವೆಲ್ 14 ಚಿತ್ರಗಳಲ್ಲಿ ಇದ್ದರು. ನಾಯಕ ಹೊಸಬ, ಸುತ್ತಲಿನವರೆಲ್ಲ ಹಳಬರು; ಪ್ರೇಕ್ಷಕರು ಹೊಸ ಮುಖವನ್ನು ಒಪ್ಪಿಕೊಳ್ಳಲು ಈ ಏರ್ಪಾಡು ನೆರವಾಯಿತು.

ಮೊದಲ ಬದಲಾವಣೆ ಮಾತ್ರ ಸುಸೂತ್ರವಾಗಲಿಲ್ಲ. ನಟನೆಯ ಅನುಭವವಿಲ್ಲದ ಆಸ್ಟ್ರೇಲಿಯದ ರೂಪದರ್ಶಿ ಲೇಜನ್‌ಬಿ 'ಆನ್ ಹರ್ ಮೆಜೆಸ್ಟೀಸ್ ಸೀಕ್ರೆಟ್ ಸರ್ವಿಸ್' (1969) ಒಂದರಲ್ಲೇ ನಟಿಸಿ ಹೊರನಡೆದರು. ಮದುವೆಯಾದ ದಿನವೇ ಪತ್ನಿ ಟ್ರೇಸಿಯನ್ನು ಕಳೆದುಕೊಳ್ಳುವ ಬಾಂಡ್ ಅಂದಿನ ಪ್ರೇಕ್ಷಕರಿಗೆ ಅಷ್ಟಾಗಿ ರುಚಿಸಲಿಲ್ಲ. ಇಂದು ಅದೇ ಚಿತ್ರವನ್ನು ಹಲವು ವಿಮರ್ಶಕರು ಸರಣಿಯ ಅತ್ಯುತ್ತಮ ಚಿತ್ರಗಳ ಸಾಲಿಗೆ ಸೇರಿಸುತ್ತಾರೆ. ನಿರ್ಮಾಪಕರು ಹೆಚ್ಚಿನ ಸಂಭಾವನೆ ಕೊಟ್ಟು ಕಾನರಿಯನ್ನು 'ಡೈಮಂಡ್ಸ್ ಆರ್ ಫಾರೆವರ್'ಗೆ (1971) ಮರಳಿ ಕರೆತಂದರು.

1973ರಲ್ಲಿ ಬಂದ ರೋಜರ್ ಮೂರ್ ಕಾನರಿಯನ್ನು ಅನುಕರಿಸಲಿಲ್ಲ. ಹುಬ್ಬೇರಿಸಿ ನಗುವ, ಅಪಾಯವನ್ನೂ ತಮಾಷೆಯಾಗಿ ಕಾಣುವ ಬಾಂಡ್ ಅವರವನು. ಈ ಕಾಲದಲ್ಲಿ ಸರಣಿ ಅಂದಂದಿನ ಜನಪ್ರಿಯ ಒಲವುಗಳ ಬೆನ್ನು ಹತ್ತಿತು. 'ಲಿವ್ ಅಂಡ್ ಲೆಟ್ ಡೈ' (1973) ಅಮೆರಿಕದ ಕರಿಯ ನಾಯಕರ ಸಾಹಸಚಿತ್ರಗಳಿಂದ, 'ದಿ ಮ್ಯಾನ್ ವಿತ್ ದಿ ಗೋಲ್ಡನ್ ಗನ್' (1974) ಹಾಂಗ್‌ಕಾಂಗಿನ ಕುಂಗ್ ಫೂ ಚಿತ್ರಗಳಿಂದ ಸಾಕಷ್ಟು ಎರವಲು ಪಡೆದವು. 1977ರಲ್ಲಿ 'ಸ್ಟಾರ್ ವಾರ್ಸ್' ಗೆದ್ದಿತು. ಅದೇ ವರ್ಷದ 'ದಿ ಸ್ಪೈ ಹೂ ಲವ್ಡ್ ಮಿ' ಚಿತ್ರದ ಕೊನೆಯಲ್ಲಿ 'ಫಾರ್ ಯುವರ್ ಐಸ್ ಓನ್ಲಿ' ಮುಂದಿನ ಚಿತ್ರವೆಂದು ಪ್ರಕಟಿಸಿದ್ದರೂ ಅದನ್ನು ಬದಿಗಿಟ್ಟು ಬಾಂಡ್‌ನನ್ನು ಬಾಹ್ಯಾಕಾಶಕ್ಕೆ ಕಳಿಸಲಾಯಿತು. ಹಾಗೆ ಬಂದ 'ಮೂನ್‌ರೇಕರ್' (1979) ಅದುವರೆಗಿನ ಬಾಂಡ್ ಚಿತ್ರಗಳಲ್ಲೇ ಅತಿ ಹೆಚ್ಚು ಹಣ ಗಳಿಸಿತು.

ಮೂರ್ ಅವಧಿಯ ಚಿತ್ರಗಳ ಬಲಕ್ಕೂ ಮಿತಿಗೂ 'ದಿ ಸ್ಪೈ ಹೂ ಲವ್ಡ್ ಮಿ'ಯ ಆರಂಭ ಒಳ್ಳೆಯ ನಿದರ್ಶನ. ಬೆನ್ನಟ್ಟಿದವರಿಂದ ತಪ್ಪಿಸಿಕೊಂಡು ಹಿಮದ ಮೇಲೆ ಜಾರುತ್ತ ಬರುವ ಬಾಂಡ್ ಪರ್ವತದ ಅಂಚು ದಾಟಿ ಕೆಳಗೆ ಬೀಳುತ್ತಾನೆ. ಸಂಗೀತ ಥಟ್ಟನೆ ನಿಲ್ಲುತ್ತದೆ. ಕಾಲಿನ ಹಲಗೆಗಳು ಕಳಚಿ ಬೀಳುತ್ತವೆ. ಮನುಷ್ಯ ಸದ್ದಿಲ್ಲದೆ ಬೀಳುತ್ತಲೇ ಇರುತ್ತಾನೆ. ಆಮೇಲೆ ಬ್ರಿಟಿಷ್ ಬಾವುಟದ ಬಣ್ಣಗಳ ಪ್ಯಾರಾಚೂಟ್ ಬಿಚ್ಚಿಕೊಂಡು ಬಾಂಡ್ ರಾಗ ಮೊಳಗುತ್ತದೆ. ಕೆನಡದ ಬ್ಯಾಫಿನ್ ದ್ವೀಪದ ಆಸ್ಗಾರ್ಡ್ ಪರ್ವತದಿಂದ ಹಾಗೆ ನಿಜವಾಗಿ ಧುಮುಕಿದವರು ರಿಕ್ ಸಿಲ್ವೆಸ್ಟರ್. ಈ ಪ್ರಸಂಗದಲ್ಲಿ ಎಲ್ಲವೂ ನವೀನ. ಆದರೆ ಮುಂದೆ ಬರುವ ಕಥೆ, ಅಂದರೆ ಅಣುಜಲಾಂತರ್ಗಾಮಿಗಳನ್ನು ನುಂಗುವ ಹಡಗು, ಹತ್ತು ವರ್ಷದ ಹಿಂದೆ ಅದೇ ನಿರ್ದೇಶಕ ಲೂಯಿಸ್ ಗಿಲ್ಬರ್ಟ್ ಅವರ 'ಯು ಓನ್ಲಿ ಲಿವ್ ಟ್ವೈಸ್'ನಲ್ಲಿ ಗಗನನೌಕೆಗಳನ್ನು ನುಂಗಿದ ರಾಕೆಟ್ಟಿನ ಕಥೆಯೇ. 'ದಿ ಸ್ಪೈ ಹೂ ಲವ್ಡ್ ಮಿ' ಕಾದಂಬರಿಯ ಹೆಸರನ್ನು ಮಾತ್ರ ಬಳಸಲು ಫ್ಲೆಮಿಂಗ್ ಒಪ್ಪಿದ್ದರಿಂದ ಚಿತ್ರಕ್ಕೆ ಬೇರೆ ಕಥೆ ಹೆಣೆಯಬೇಕಾಗಿತ್ತು. ಹೆಣೆದವರು ಸರಣಿಯ ಉಗ್ರಾಣಕ್ಕೇ ಕೈಹಾಕಿದರು.

ಪುಸ್ತಕಕ್ಕೆ ಮರಳುವ ಹಾದಿ

ಅತಿರೇಕ ಹೆಚ್ಚಿದಾಗಲೆಲ್ಲ ಸರಣಿ ಫ್ಲೆಮಿಂಗ್ ಪುಸ್ತಕಗಳನ್ನು ಮತ್ತೆ ತೆರೆದಿದೆ. ಜ್ವಾಲಾಮುಖಿಯ ಚಿತ್ರವಾದ ಮೇಲೆ ಬಂದ 1969ರ ಚಿತ್ರ ಮೂಲ ಕಾದಂಬರಿಗೆ ತೀರ ನಿಷ್ಠವಾಗಿತ್ತು. ಬಾಹ್ಯಾಕಾಶ ಯಾತ್ರೆಯ ಬಳಿಕ ಜಾನ್ ಗ್ಲೆನ್ ನಿರ್ದೇಶಿಸಿದ 'ಫಾರ್ ಯುವರ್ ಐಸ್ ಓನ್ಲಿ' (1981) ಬಾಂಡ್ ತನ್ನ ಪತ್ನಿಯ ಸಮಾಧಿಯ ಬಳಿ ನಿಂತಿರುವಲ್ಲಿಂದ ತೊಡಗುತ್ತದೆ. ಅದರಲ್ಲಿ ನಾಯಕ-ನಾಯಕಿಯರನ್ನು ಹಗ್ಗಕ್ಕೆ ಬಿಗಿದು ಹವಳದ ದಿಬ್ಬಗಳ ಮೇಲೆ ದೋಣಿಯಿಂದ ಎಳೆಯುವ ದೃಶ್ಯ 'ಲಿವ್ ಅಂಡ್ ಲೆಟ್ ಡೈ' ಕಾದಂಬರಿಯದು, ಆ ಹೆಸರಿನ ಚಿತ್ರದಲ್ಲಿ ಬಳಕೆಯಾಗದೆ ಉಳಿದದ್ದು. ಮೂರ್ ತಮ್ಮ 57ನೆಯ ವಯಸ್ಸಿನಲ್ಲಿ 'ಎ ವ್ಯೂ ಟು ಎ ಕಿಲ್' (1985) ಮುಗಿಸಿ ನಿವೃತ್ತರಾದಾಗ, ರಂಗಭೂಮಿಯಲ್ಲಿ ಪಳಗಿದ ಡಾಲ್ಟನ್ ಕಾದಂಬರಿಗಳನ್ನು ಓದಿಕೊಂಡು ಬಂದು ಕೊಲ್ಲುವ ಕೆಲಸದಿಂದ ಬೇಸತ್ತ ಬಾಂಡ್‌ನನ್ನು ತೋರಿಸಿದರು. 'ಲೈಸೆನ್ಸ್ ಟು ಕಿಲ್' (1989) ಫ್ಲೆಮಿಂಗ್ ಕೃತಿಯ ಹೆಸರಿಲ್ಲದ ಮೊದಲ ಚಿತ್ರ. ಆದರೂ ಅದರಲ್ಲಿ ಗೆಳೆಯ ಲೈಟರ್‌ನನ್ನು ಶಾರ್ಕಿನ ಬಾಯಿಗೆ ಒಡ್ಡುವ ಪ್ರಸಂಗ ಮತ್ತೆ ಅದೇ 'ಲಿವ್ ಅಂಡ್ ಲೆಟ್ ಡೈ' ಕಾದಂಬರಿಯಿಂದ ಬಂದದ್ದು.

'ನೋ ಟೈಮ್ ಟು ಡೈ'ಯಲ್ಲಿ ಬಾಂಡ್ ಸಾಯುತ್ತಾನೆ, ಅವನಿಗೊಬ್ಬ ಮಗಳಿದ್ದಾಳೆ. ಸರಣಿಯ ಅತಿ ದೊಡ್ಡ ಭಂಗವೆಂದು ಚರ್ಚೆಯಾದ ಈ ಎರಡು ತಿರುವುಗಳ ಬೀಜವೂ 1964ರ 'ಯು ಓನ್ಲಿ ಲಿವ್ ಟ್ವೈಸ್' ಕಾದಂಬರಿಯಲ್ಲಿದೆ. ಅಲ್ಲಿ ಬಾಂಡ್ ಸತ್ತನೆಂದು ತಿಳಿದು ಶ್ರದ್ಧಾಂಜಲಿ ಪ್ರಕಟವಾಗುತ್ತದೆ, ಜಪಾನಿನಲ್ಲಿ ಅವನಿಗೇ ತಿಳಿಯದಂತೆ ಹೆಣ್ಣೊಬ್ಬಳು ಅವನ ಮಗುವನ್ನು ಹೊತ್ತಿರುತ್ತಾಳೆ. ಚಿತ್ರದ ಖಳನ ವಿಷಗಿಡಗಳ ತೋಟವೂ ಅದೇ ಕಾದಂಬರಿಯದು.

ಶತ್ರುಗಳು ಮತ್ತು ರಾಜಕೀಯ

ಫ್ಲೆಮಿಂಗ್ ಅವರ ಆರಂಭದ ಕಾದಂಬರಿಗಳಲ್ಲಿ ಮುಖ್ಯ ಶತ್ರು ಸೋವಿಯತ್ ಗುಪ್ತಚರ ಸಂಸ್ಥೆ. ಚಿತ್ರಗಳು ಆರಂಭದಿಂದಲೂ ಆ ಜಾಗದಲ್ಲಿ ಯಾವ ದೇಶಕ್ಕೂ ಸೇರದ 'ಸ್ಪೆಕ್ಟರ್' ಎಂಬ ಪಾತಕಿಗಳ ಕೂಟವನ್ನು ತಂದವು; ಎರಡು ಬಣಗಳನ್ನು ಪರಸ್ಪರ ಎತ್ತಿಕಟ್ಟಿ ಲಾಭ ಹೊಡೆಯುವುದು ಅದರ ಕಸುಬು. ಇದರಿಂದ ಚಿತ್ರಗಳು ದಿನದ ರಾಜಕೀಯಕ್ಕೆ ಅಂಟಿಕೊಳ್ಳದೆ ಉಳಿದವು. 1977ರ ಹೊತ್ತಿಗೆ ಬಾಂಡ್ ಸೋವಿಯತ್ ಗೂಢಚಾರಿಣಿಯೊಂದಿಗೆ ಕೈಜೋಡಿಸುತ್ತಾನೆ. 'ದಿ ಲಿವಿಂಗ್ ಡೇಲೈಟ್ಸ್' (1987) ಅವನನ್ನು ಅಫಘಾನಿಸ್ತಾನದ ಮುಜಾಹಿದೀನರ ಜೊತೆ ನಿಲ್ಲಿಸಿತು. ಮುಂದೆ ಮಾದಕದ್ರವ್ಯದ ದೊರೆ, ಸುದ್ದಿಮಾಧ್ಯಮದ ಒಡೆಯ, ನೀರಿನ ಮೇಲೆ ಹಿಡಿತ ಸಾಧಿಸುವ ಉದ್ಯಮಿ ಖಳನ ಸ್ಥಾನಕ್ಕೆ ಬಂದರು. ಖಳನ ವೃತ್ತಿ ಕಾಲಕ್ಕೆ ತಕ್ಕಂತೆ ಬದಲಾದರೂ ಅವನು ನಾಯಕನನ್ನು ಅತಿಥಿಯಂತೆ ಉಪಚರಿಸಿ ತನ್ನ ಯೋಜನೆ ವಿವರಿಸುವ ರೂಢಿ ಬದಲಾಗಲಿಲ್ಲ.

ಸ್ತ್ರೀಪಾತ್ರಗಳು

ಹೆಚ್ಚು ಟೀಕೆಗೆ ಗುರಿಯಾಗಿರುವುದು ಸ್ತ್ರೀಪಾತ್ರಗಳ ಚಿತ್ರಣ. ಆರಂಭದ ಚಿತ್ರಗಳಲ್ಲಿ ಬಾಂಡ್ ಹೆಂಗಸರೊಂದಿಗೆ ಬಲವಂತದಿಂದ ನಡೆದುಕೊಳ್ಳುವ ದೃಶ್ಯಗಳಿವೆ. ಹಲವು ಪಾತ್ರಗಳ ಹೆಸರುಗಳೇ ದ್ವಂದ್ವಾರ್ಥದ ಪೋಲಿ ಮಾತುಗಳು. ಆದರೆ ಡಯಾನಾ ರಿಗ್ ಅವರ ಟ್ರೇಸಿ, 1977ರ ಚಿತ್ರದ ಸೋವಿಯತ್ ಗೂಢಚಾರಿಣಿಯಾದ ಬಾರ್ಬರಾ ಬಾಕ್ ಅವರ ಮೇಜರ್ ಅಮಸೋವಾ, 'ಟುಮಾರೊ ನೆವರ್ ಡೈಸ್'ನಲ್ಲಿ (1997) ಮಿಷೆಲ್ ಯೋ ನಟಿಸಿದ ಚೀನೀ ಗೂಢಚಾರಿಣಿ ಬಾಂಡ್‌ಗೆ ಸರಿಜೋಡಿಗಳು. 'ಗೋಲ್ಡನ್‌ಐ' (1995) ಚಿತ್ರದಲ್ಲಿ ಜೂಡಿ ಡೆಂಚ್ 'ಎಂ' ಆಗಿ ಬಂದು, ಬಾಂಡ್‌ನನ್ನು ಶೀತಲ ಸಮರದ ಪಳೆಯುಳಿಕೆ, ಹೆಣ್ಣನ್ನು ಕೀಳಾಗಿ ಕಾಣುವವನು ಎಂದು ಅವನ ಮುಖಕ್ಕೇ ಹೇಳುತ್ತಾರೆ. ಟೀಕಾಕಾರರ ಮಾತನ್ನು ಚಿತ್ರದೊಳಗೇ ಒಂದು ಪಾತ್ರದ ಬಾಯಲ್ಲಿ ಆಡಿಸುವ ಈ ಉಪಾಯ ಆಮೇಲೂ ಮುಂದುವರಿಯಿತು. 2021ರ ಚಿತ್ರದಲ್ಲಿ ಬಾಂಡ್ ನಿವೃತ್ತನಾದ ಮೇಲೆ 007 ಸಂಖ್ಯೆ ಲಶಾನಾ ಲಿಂಚ್ ನಟಿಸಿದ ನೋಮಿ ಎಂಬ ಕಪ್ಪುವರ್ಣದ ಯುವತಿಗೆ ಸಲ್ಲುತ್ತದೆ.

2006ರ ಮರುಹುಟ್ಟು

ಸರಣಿಯ 20ನೆಯ ಚಿತ್ರ 'ಡೈ ಅನದರ್ ಡೇ' (2002) ಹಳೆಯ ಚಿತ್ರಗಳ ನೆನಪುಗಳನ್ನು ಉದ್ದಕ್ಕೂ ಪೋಣಿಸಿತು. ಹಣವನ್ನೇನೋ ಗಳಿಸಿತು, ಆದರೆ ಕಣ್ಣಿಗೆ ಕಾಣದ ಕಾರು ಮತ್ತು ಕಂಪ್ಯೂಟರಿನಲ್ಲಿ ಮೂಡಿಸಿದ ಅಲೆಗಳು ನಗೆಪಾಟಲಾದವು. ಅಷ್ಟರಲ್ಲಿ ಫ್ಲೆಮಿಂಗ್ ಅವರ ಮೊದಲ ಕಾದಂಬರಿಯ ಹಕ್ಕು ಕೈಸೇರಿತ್ತು. 1955ರಲ್ಲೇ ಬೇರೆಯವರಿಗೆ ಮಾರಾಟವಾಗಿ, 1967ರಲ್ಲಿ ಬೇರೊಬ್ಬ ನಿರ್ಮಾಪಕರಿಂದ ಹಾಸ್ಯಚಿತ್ರವಾಗಿದ್ದ 'ಕ್ಯಾಸಿನೊ ರೊಯಾಲ್' 1999ರ ಕಾನೂನು ರಾಜಿಯಿಂದ ಈಯಾನ್ ಪಾಲಿಗೆ ಒದಗಿತ್ತು.

ಮಾರ್ಟಿನ್ ಕ್ಯಾಂಪ್‌ಬೆಲ್ ನಿರ್ದೇಶಿಸಿದ 2006ರ ಚಿತ್ರ ಸಂಪ್ರದಾಯವನ್ನು ಬಿಡಲಿಲ್ಲ, ತಡೆಹಿಡಿಯಿತು. ಆರಂಭಕ್ಕೆ ನಳಿಕೆಯ ದೃಶ್ಯವಿಲ್ಲ. ಕಪ್ಪು-ಬಿಳುಪಿನಲ್ಲಿ ಇನ್ನೂ 007 ಆಗದ ಬಾಂಡ್ ಶೌಚಾಲಯವೊಂದರಲ್ಲಿ ಒಬ್ಬನನ್ನು ಕಷ್ಟಪಟ್ಟು, ಕೈಯಾರೆ ಕೊಲ್ಲುತ್ತಾನೆ. ಸತ್ತನೆಂದುಕೊಂಡವನು ಪಿಸ್ತೂಲು ಎತ್ತಿದಾಗ ಬಾಂಡ್ ತಿರುಗಿ ಗುಂಡು ಹಾರಿಸುತ್ತಾನೆ. ಆ ಕ್ಷಣದಲ್ಲೇ ನಳಿಕೆ ಮೂಡಿ, ರಕ್ತ ಇಳಿದು, ಶೀರ್ಷಿಕೆ ಶುರುವಾಗುತ್ತದೆ. 44 ವರ್ಷಗಳಿಂದ ಅಲಂಕಾರವಾಗಿದ್ದ ದೃಶ್ಯಕ್ಕೆ ಇಲ್ಲಿ ಕಥೆಯಲ್ಲೇ ಒಂದು ಕಾರಣ ದೊರೆಯಿತು. ಕ್ಯೂ ಇಲ್ಲ, ಮನಿಪೆನಿ ಇಲ್ಲ. ಮದ್ಯವನ್ನು ಕುಲುಕಬೇಕೋ ಕಲಕಬೇಕೋ ಎಂದು ಬಾರಿನವನು ಕೇಳಿದರೆ, ಜೂಜಿನಲ್ಲಿ ಆಗಷ್ಟೇ ಸೋತು ಬಂದ ಬಾಂಡ್ ಅದನ್ನು ಕಟ್ಟಿಕೊಂಡು ತನಗೇನು ಎನ್ನುತ್ತಾನೆ. ಡೇವಿಡ್ ಆರ್ನಲ್ಡ್ ಅವರ ಸಂಗೀತವೂ ಬಾಂಡ್ ರಾಗವನ್ನು ಅಲ್ಲಲ್ಲಿ ಸೂಚಿಸುತ್ತದಷ್ಟೆ. ಕೊನೆಯ ದೃಶ್ಯದಲ್ಲಿ ನಾಯಕ ತನ್ನ ಹೆಸರು ಹೇಳಿದಾಗ ಮಾತ್ರ ಅದು ಪೂರ್ತಿಯಾಗಿ ಕೇಳಿಸುತ್ತದೆ. ಹೊಂಬಣ್ಣದ ಕೂದಲಿನ ಕ್ರೇಗ್ ಬಾಂಡ್ ಆಗುವುದನ್ನು ವಿರೋಧಿಸಿ ಅಂತರಜಾಲದಲ್ಲಿ ಅಭಿಯಾನ ನಡೆಸಿದವರ ಬಾಯಿ ಚಿತ್ರ ಬಿಡುಗಡೆಯಾದ ಮೇಲೆ ಮುಚ್ಚಿತು.

ತಡೆಹಿಡಿದದ್ದನ್ನು ಮುಂದಿನ ಚಿತ್ರಗಳು ಒಂದೊಂದಾಗಿ ಹಿಂದಿರುಗಿಸಿದವು. ಸ್ಯಾಮ್ ಮೆಂಡಿಸ್ ನಿರ್ದೇಶನದ 'ಸ್ಕೈಫಾಲ್' (2012) ಯುವ ಕ್ಯೂ ಆಗಿ ಬೆನ್ ವಿಶಾ ಅವರನ್ನೂ ಮನಿಪೆನಿಯಾಗಿ ನವೋಮಿ ಹ್ಯಾರಿಸ್ ಅವರನ್ನೂ ತಂದಿತು, ಡಿಬಿ5 ಕಾರನ್ನು ಮತ್ತೆ ಓಡಿಸಿತು. ಸರಣಿಯ 50ನೆಯ ವರ್ಷದ ಈ ಚಿತ್ರ 100 ಕೋಟಿ ಡಾಲರ್ ಗಳಿಕೆ ದಾಟಿದ ಮೊದಲ ಬಾಂಡ್ ಚಿತ್ರ. ಅಡೆಲ್ ಹಾಡಿದ ಅದರ ಗೀತೆ ಆಸ್ಕರ್ ಪಡೆದ ಮೊದಲ ಬಾಂಡ್ ಗೀತೆ. ನಳಿಕೆಯ ದೃಶ್ಯ ಆರಂಭದ ಜಾಗಕ್ಕೆ ಮರಳಿದ್ದು 'ಸ್ಪೆಕ್ಟರ್'ನಲ್ಲಿ (2015).

ಮನೆತನದ ಉದ್ಯಮ, ಕೋರ್ಟಿನ ವ್ಯಾಜ್ಯ

ಸಂಪ್ರದಾಯ ಮತ್ತು ಹೊಸತನದ ನಡುವಿನ ಈ ಸಮತೋಲಕ್ಕೆ ಮುಖ್ಯ ಕಾರಣ ನಿರ್ಮಾಣದ ವ್ಯವಸ್ಥೆ. ಸಾಲ್ಟ್‌ಜ್‌ಮನ್ 1975ರಲ್ಲಿ ಪಾಲು ಮಾರಿ ಹೊರಟ ಮೇಲೆ ಸರಣಿ ಬ್ರೊಕೊಲಿ ಮನೆತನದ ಕೈಯಲ್ಲಿ ಉಳಿಯಿತು. 1995ರಿಂದ ಆಲ್ಬರ್ಟ್ ಅವರ ಮಗಳು ಬಾರ್ಬರಾ ಬ್ರೊಕೊಲಿ ಮತ್ತು ಮಲಮಗ ಮೈಕೆಲ್ ವಿಲ್ಸನ್ ನಿರ್ಮಾಣದ ಹೊಣೆ ಹೊತ್ತರು. ತಂತ್ರಜ್ಞರೂ ಒಳಗಿನಿಂದಲೇ ಬೆಳೆದು ಬಂದವರು. 1969ರ ಚಿತ್ರದ ನಿರ್ದೇಶಕ ಪೀಟರ್ ಹಂಟ್ ಮತ್ತು ಐದು ಬಾಂಡ್ ಚಿತ್ರ ನಿರ್ದೇಶಿಸಿದ ಜಾನ್ ಗ್ಲೆನ್ ಇಬ್ಬರೂ ಮೊದಲು ಸರಣಿಯ ಸಂಕಲನಕಾರರಾಗಿದ್ದರು. ಮೊದಲ 16 ಚಿತ್ರಗಳ ಪೈಕಿ 13ರ ಚಿತ್ರಕಥೆಯಲ್ಲಿ ರಿಚರ್ಡ್ ಮೇಬಾಮ್ ಕೈಯಿದೆ. 1999ರಿಂದ 2021ರವರೆಗಿನ ಎಲ್ಲ ಚಿತ್ರಕಥೆಗಳಲ್ಲೂ ನೀಲ್ ಪರ್ವಿಸ್ ಮತ್ತು ರಾಬರ್ಟ್ ವೇಡ್ ಇದ್ದಾರೆ.

ಕೆಲವು ಬದಲಾವಣೆಗಳು ನ್ಯಾಯಾಲಯದಿಂದ ಬಂದವು. 'ಥಂಡರ್‌ಬಾಲ್' ಕಥೆಯಲ್ಲಿ ತಮ್ಮದೂ ಪಾಲಿದೆಯೆಂದು ಕೆವಿನ್ ಮೆಕ್‌ಕ್ಲೋರಿ ಹೂಡಿದ ದಾವೆ 1963ರಲ್ಲಿ ರಾಜಿಯಾಗಿ, ಆ ಕಥೆಯ ಚಿತ್ರಹಕ್ಕು ಅವರಿಗೆ ಸಿಕ್ಕಿತು. ಮುಂದೆ ಸ್ಪೆಕ್ಟರ್ ಕೂಟವನ್ನೂ ಅದರ ಮುಖ್ಯಸ್ಥ ಬ್ಲೋಫೆಲ್ಡ್‌ನನ್ನೂ ಬಳಸುವುದು ಈಯಾನ್‌ಗೆ ಕಷ್ಟವಾಯಿತು. 1981ರ ಚಿತ್ರದ ಆರಂಭದಲ್ಲಿ ಹೆಸರು ಹೇಳದ ಬೋಳುತಲೆಯ ವ್ಯಕ್ತಿಯೊಬ್ಬನನ್ನು ಗಾಲಿಕುರ್ಚಿಯ ಸಮೇತ ಹೊಗೆಕೊಳವೆಯೊಳಗೆ ಬೀಳಿಸಿ ನಿರ್ಮಾಪಕರು ಆ ಸೇಡು ತೀರಿಸಿಕೊಂಡಂತಿದೆ. 1983ರಲ್ಲಿ ಮೆಕ್‌ಕ್ಲೋರಿ ಹಕ್ಕಿನ ಆಧಾರದ ಮೇಲೆ 'ನೆವರ್ ಸೇ ನೆವರ್ ಅಗೇನ್' ತಯಾರಾಗಿ, ಅದರಲ್ಲಿ ಕಾನರಿ ನಟಿಸಿದರು; ಅದೇ ವರ್ಷ ಮೂರ್ ಅವರ 'ಆಕ್ಟೊಪಸಿ' ಬಂತು. ಈ ಹಕ್ಕುಗಳು ಈಯಾನ್ ಕಡೆಗೆ ಬಂದದ್ದು 2013ರಲ್ಲಿ.

ಭಾರತ ಮತ್ತು ಕನ್ನಡ

'ಆಕ್ಟೊಪಸಿ'ಯ ಒಂದು ಭಾಗ ಉದಯಪುರದ ಸರೋವರದ ಅರಮನೆ, ಸಜ್ಜನಗಢ ಮೊದಲಾದ ಕಡೆ ಚಿತ್ರೀಕರಣವಾಯಿತು. ಖಳನ ಬಂಟನಾಗಿ ಕಬೀರ್ ಬೇಡಿ, ಬ್ರಿಟಿಷ್ ಗುಪ್ತಚರ ಸಹಾಯಕನಾಗಿ ಟೆನಿಸ್ ಆಟಗಾರ ವಿಜಯ್ ಅಮೃತರಾಜ್ ನಟಿಸಿದರು. ಹಾವಾಡಿಗನ ವೇಷದಲ್ಲಿ ಕುಳಿತ ಅಮೃತರಾಜ್ ಬಾಂಡ್‌ಗೆ ಗುರುತು ಸಿಗಲೆಂದು ಪುಂಗಿಯಲ್ಲಿ ಬಾಂಡ್ ರಾಗವನ್ನೇ ಊದುತ್ತಾರೆ. ಆಮೇಲೆ ಆಟೋರಿಕ್ಷಾ ಓಟದಲ್ಲಿ ವೈರಿಗಳಿಗೆ ಟೆನಿಸ್ ರಾಕೆಟ್ಟಿನಿಂದ ಬಾರಿಸುತ್ತಾರೆ. ಹಾವಾಡಿಗರು, ಕೆಂಡ ಹಾಯುವವರು, ಊಟಕ್ಕೆ ಕುರಿಯ ತಲೆ ಎಂದು ಭಾರತವನ್ನು ಹಳೆಯ ವಸಾಹತುಶಾಹಿ ಕಣ್ಣಿನಿಂದ ತೋರಿಸಿದ್ದಕ್ಕೆ ಚಿತ್ರ ಟೀಕೆಗೊಳಗಾಗಿದೆ. ಬೇರೆ ನಾಡುಗಳ ಚಿತ್ರಣದಲ್ಲಿ ಸರಣಿಯ ಸಂಪ್ರದಾಯ ಬೇಗ ಹಳಸಿದೆ. 1967ರ ಚಿತ್ರದಲ್ಲಿ ಕಾನರಿಗೆ ಜಪಾನೀ ವೇಷ ತೊಡಿಸಿದ್ದೂ ಇದೇ ಸಾಲಿನದು.

ಬಾಂಡ್ ಅಲೆ 1960ರ ದಶಕದಲ್ಲಿ ಭಾರತೀಯ ಭಾಷೆಗಳಿಗೂ ತಟ್ಟಿತು. ತೆಲುಗಿನಲ್ಲಿ ಕೃಷ್ಣ ನಟಿಸಿದ 'ಗೂಢಚಾರಿ 116' (1966) ಹಿಂದಿಯಲ್ಲಿ 'ಫರ್ಜ್' (1967) ಆಯಿತು. ಕನ್ನಡದಲ್ಲಿ ದೊರೈ-ಭಗವಾನ್ ಜೋಡಿ 'ಜೇಡರ ಬಲೆ' (1968) ಮೂಲಕ ನಿರ್ದೇಶನಕ್ಕಿಳಿಯಿತು. ಪೌರಾಣಿಕ, ಐತಿಹಾಸಿಕ ಮತ್ತು ಸಾಮಾಜಿಕ ಪಾತ್ರಗಳಿಗೆ ಹೆಸರಾಗಿದ್ದ ರಾಜಕುಮಾರ್ ಅದರಲ್ಲಿ ಸೂಟು ತೊಟ್ಟು ಸಿ.ಐ.ಡಿ. 999 ಆದರು. 'ಗೋವಾದಲ್ಲಿ ಸಿ.ಐ.ಡಿ. 999' (1968), 'ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999' (1969), 'ಆಪರೇಷನ್ ಡೈಮಂಡ್ ರಾಕೆಟ್' (1978) ಅದರ ಬೆನ್ನಿಗೆ ಬಂದವು. ಕೊನೆಯದರಲ್ಲಿ ರಾಜಕುಮಾರ್ ಹಾಡಿದ ಇಂಗ್ಲಿಷ್ ಗೀತೆ ಇಂದಿಗೂ ಜನಪ್ರಿಯ. ಮೂರು ಅಂಕಿಯ ಸಂಖ್ಯೆ, ಸಲಕರಣೆ, ಅಡಗುತಾಣಗಳೆಲ್ಲ ಬಾಂಡ್‌ನಿಂದ ಬಂದರೂ, ಹೆಣ್ಣಿನ ವಿಷಯದಲ್ಲಿ ಈ ನಾಯಕ ರಾಜಕುಮಾರ್ ಅವರ ಸಭ್ಯ ವ್ಯಕ್ತಿತ್ವಕ್ಕೆ ಹೊಂದುವಂತೆಯೇ ನಡೆದುಕೊಂಡ.

ಇತ್ತೀಚಿನ ಬೆಳವಣಿಗೆ

ಬಾಂಡ್ ಚಿತ್ರಗಳ ಹಕ್ಕಿನಲ್ಲಿ ಪಾಲು ಹೊಂದಿದ್ದ ಮೆಟ್ರೊ-ಗೋಲ್ಡ್‌ವಿನ್-ಮೇಯರ್ ಸಂಸ್ಥೆಯನ್ನು 2022ರಲ್ಲಿ ಅಮೆಜಾನ್ ಕೊಂಡುಕೊಂಡಿತು. 2025ರ ಫೆಬ್ರವರಿಯಲ್ಲಿ ಆದ ಒಪ್ಪಂದದಂತೆ ಬಾರ್ಬರಾ ಬ್ರೊಕೊಲಿ ಮತ್ತು ವಿಲ್ಸನ್ ಸಹಮಾಲೀಕರಾಗಿ ಉಳಿದು, ಚಿತ್ರಗಳ ಸೃಜನಾತ್ಮಕ ಹಿಡಿತವನ್ನು ಅಮೆಜಾನ್‌ಗೆ ಬಿಟ್ಟುಕೊಟ್ಟರು. ಏಮಿ ಪ್ಯಾಸ್ಕಲ್ ಮತ್ತು ಡೇವಿಡ್ ಹೇಮನ್ ನಿರ್ಮಾಪಕರಾಗಿ, ಡೆನಿ ವಿಲ್ನವ್ ನಿರ್ದೇಶಕರಾಗಿ, ಸ್ಟೀವನ್ ನೈಟ್ ಚಿತ್ರಕಥೆಗಾರರಾಗಿ ಗೊತ್ತಾದರು. ನಾಯಕ ಸತ್ತ ಚಿತ್ರದ ಕೊನೆಗೂ ಬಾಂಡ್ ಮತ್ತೆ ಬರುತ್ತಾನೆಂಬ ಎಂದಿನ ಬರಹವೇನೋ ಇತ್ತು. ಆದರೆ ಯಾವುದನ್ನು ಉಳಿಸಬೇಕು, ಯಾವುದನ್ನು ಸ್ವಲ್ಪ ಕಾಲ ತಡೆಹಿಡಿಯಬೇಕು ಎಂದು ಆರು ದಶಕ ತೀರ್ಮಾನಿಸುತ್ತ ಬಂದದ್ದು ಒಂದೇ ಮನೆತನ. 26ನೆಯ ಚಿತ್ರ ಆ ಮನೆತನದ ಹಿಡಿತವಿಲ್ಲದೆ ರೂಪುಗೊಳ್ಳುವ ಮೊದಲನೆಯದು.